ಅದ್ಭುತವನ್ನು ವಿವರಿಸಿದವರಿಗೆ ಪುರಸ್ಕಾರ

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳ ತಿರುಗಾಟ ಆರಂಭವಾಗುವುದು. ಬೇಸಗೆಯ ಕೊನೆಗೆ ಪತ್ತನಾಜೆ ಬರುವವರೆಗೂ ಇಂದು ಈ ಬಯಲು, ನಾಳೆ ಆ ಬಯಲು ಎಂದು ಆಟಗಳು ನಡೆಯುತ್ತಲೇ ಇರುವುವು. ಹತ್ತು ತಲೆಯವನೆಂದು ಹೆಸರಾದ ರಾವಣನು ರಂಗಸ್ಥಳಕ್ಕೆ ಬರುವನು. ಅಲ್ಲಿ ಕಾಣುವುದು ಒಂದೇ ತಲೆ. ಆದರೂ ನೋಡುವವರ ಮನಸ್ಸಿಗೆ ಉಳಿದ ಒಂಬತ್ತರ ಕೊರತೆ ತೋರುವುದಿಲ್ಲ. ಪುಷ್ಪಕವಿಮಾನವು ಮೇಲಕ್ಕೇರಿತೆಂದು ಭಾಗವತರು ಪದ ಹೇಳಿದರೆ ಸಾಕು, ವೇಷಧಾರಿಯು ನೆಲದ ಮೇಲೆಯೇ ಸುತ್ತು ಬಂದರೂ ನಾವು ಅವನನ್ನು ಆಕಾಶದಲ್ಲಿ ಕಾಣುತ್ತೇವೆ. ಪಕ್ಕದಲ್ಲಿ ಕುಳಿತ ಮಗುವೊಂದು “ಅದು ಹೇಗಜ್ಜ?” ಎಂದು ಕೇಳಿದರೆ “ಸುಮ್ಮನೆ ನೋಡು ಮಗಾ” ಎಂಬ ಉತ್ತರವೇ ಸಾಮಾನ್ಯವಾಗಿ ದೊರಕುವುದು.

ಆದರೆ ಮಗುವಿನ ಪ್ರಶ್ನೆ ಸಣ್ಣದಲ್ಲ. ಇಲ್ಲದ್ದನ್ನು ಇದೆಯೆಂದು ತೋರಿಸುವ ಕಲೆ ಹೇಗೆ ನಡೆಯುತ್ತದೆ, ಅದು ಎಲ್ಲಿ ಹುಟ್ಟಿತು, ಯಾರ ಕೈಯಲ್ಲಿ ಬೆಳೆಯಿತು ಎಂಬುದನ್ನು ಆಧಾರಸಹಿತವಾಗಿ ಹೇಳುವ ಬರಹಕ್ಕೆ ಜಗತ್ತಿನಲ್ಲಿ ಪ್ರತ್ಯೇಕವಾದ ಗೌರವವುಂಟು. ವಿಜ್ಞಾನ ಕಥೆ, ಅದ್ಭುತ ಕಥೆಗಳನ್ನು ಬರೆದವರಿಗೆ ಮಾತ್ರವಲ್ಲ, ಅವನ್ನು ಕುರಿತು ಶಾಸ್ತ್ರೀಯವಾಗಿ ಬರೆದವರಿಗೂ ಪುರಸ್ಕಾರ ಕೊಡುವ ಪದ್ಧತಿ ಹಲವು ಕಡೆ ಬೆಳೆದುಬಂದಿದೆ. ಆ ಪದ್ಧತಿಗೆ ತೀರ ಹತ್ತಿರವಾದ ಒಂದು ಉದಾಹರಣೆಯು ನಮ್ಮ ಪುತ್ತೂರಿನಲ್ಲಿಯೇ ಇರುವುದೆಂಬುದನ್ನು ವಾಚಕರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಕಥೆ ಬೇರೆ, ಕಥೆಯ ವಿಚಾರ ಬೇರೆ

ಮೊದಲು ಎರಡು ಮಾತುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ತಿಳಿದಿರುವ ನಿಸರ್ಗನಿಯಮವನ್ನು ಹಿಡಿದುಕೊಂಡು, ಅದನ್ನು ಮುಂದಕ್ಕೆ ಎಳೆದು, ‘ಹೀಗಾದರೆ ಏನಾದೀತು?’ ಎಂದು ಕಲ್ಪಿಸುವುದು ವಿಜ್ಞಾನ ಕಥೆ. ನಿಸರ್ಗನಿಯಮದ ಕಟ್ಟಳೆಯನ್ನು ಬದಿಗಿರಿಸಿ ಬೇರೊಂದು ಲೋಕವನ್ನೇ ಕಟ್ಟುವುದು ಅದ್ಭುತ ಕಥೆ. ಮೊದಲನೆಯದು ಈಚಿನದು, ಎರಡನೆಯದು ಮಾನವನಷ್ಟೇ ಹಳೆಯದು. ನಮ್ಮ ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಣಿಸಿದ ಎಂಟು ರಸಗಳಲ್ಲಿ ಅದ್ಭುತವೂ ಒಂದಾಗಿರುವುದನ್ನು ನೆನೆದರೆ ಈ ಮಾತು ಮನವರಿಕೆಯಾಗುವುದು.

ಯಕ್ಷಗಾನವನ್ನು ಅದ್ಭುತ ಕಥೆಯ ಸಾಲಿನಲ್ಲಿ ಸೇರಿಸಬಹುದೇ ಎಂದು ಕೆಲವರು ಕೇಳಬಹುದು. ಪುರಾಣವು ಭಕ್ತರಿಗೆ ಪುರಾಣವೇ. ಹರಕೆಯ ಆಟ ಆಡಿಸುವ ಮನೆಯವರಿಗೆ ಅದು ಸೇವೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದೇವತೆ, ದಾನವ, ಮಾಯೆ, ವಿಮಾನ ಇವುಗಳನ್ನು ರಂಗದ ಮೇಲೆ ಕಾಣಿಸುವ ವಿಧಾನವು ಒಂದು ಕಲೆ. ಕಲೆಯನ್ನು ಪರೀಕ್ಷಿಸಲು ಭಕ್ತಿಯು ಅಡ್ಡಿಯಲ್ಲ.

ಅಂಥ ಪರೀಕ್ಷೆಯು ಕಥೆ ಬರೆಯುವುದಕ್ಕಿಂತ ಭಿನ್ನವಾದ ಕೆಲಸ. ಕಥೆಗಾರನು ತನ್ನ ಮಾತಿಗೆ ಸಾಕ್ಷಿ ಒದಗಿಸಬೇಕಾಗಿಲ್ಲ. ವಿಚಾರ ಗ್ರಂಥವನ್ನು ಬರೆಯುವವನಾದರೋ ಪ್ರತಿ ವಾಕ್ಯಕ್ಕೂ ಹೊಣೆಗಾರನು. ಕಾಲನಿರ್ಣಯ, ಕರ್ತೃವಿಚಾರ, ಹಸ್ತಪ್ರತಿಗಳ ಹೋಲಿಕೆ, ಪ್ರತ್ಯಕ್ಷ ನೋಡಿದ್ದರ ದಾಖಲೆ, ಇವೆಲ್ಲ ಅವನ ಪಾಲಿಗೆ ಬರುವುವು. ವಿಷಯವು ಕಲ್ಪನೆಯದಾದರೂ ವಿಧಾನವು ವಿಜ್ಞಾನದ್ದು.

ಪುತ್ತೂರಿನ ಉದಾಹರಣೆ

ಕೋಟ ಶಿವರಾಮ ಕಾರಂತರು ೧೯೦೨ರ ಅಕ್ಟೋಬರ್ ೧೦ರಂದು ಕೋಟದಲ್ಲಿ ಹುಟ್ಟಿದರು. ಆದರೆ ಅವರ ಬಾಳಿನ ಹೆಚ್ಚು ಚಟುವಟಿಕೆಯ ಕಾಲ, ಸುಮಾರು ನಾಲ್ಕು ದಶಕಗಳು, ಕಳೆದದ್ದು ಪುತ್ತೂರಿನಲ್ಲಿ. ಅಲ್ಲಿಯ ಪರ್ಲಡ್ಕದ ಗುಡ್ಡದ ಮೇಲಿನ ಬಾಲವನದಲ್ಲಿ ಅವರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು, ನಾಟಕ ಆಡಿಸಿದರು, ಊರಿನಲ್ಲಿ ಮುದ್ರಣಾಲಯವನ್ನಿಟ್ಟು ಪುಸ್ತಕ ಅಚ್ಚು ಹಾಕಿಸಿದರು.

ಅವರ ಬರಹದಲ್ಲಿ ಎರಡು ಹೊಳೆಗಳು ಒಟ್ಟಿಗೆ ಹರಿದಿವೆ. ಒಂದು ವಿಜ್ಞಾನದ್ದು. ೧೯೩೬ರಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಅವರು ಹೊರತಂದರು. ಮುಂದೆ ೧೯೫೯ರಿಂದ ೧೯೬೪ರ ವರೆಗೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದು ಮುಗಿಸಿದರು. ಇನ್ನೊಂದು ಹೊಳೆ ಯಕ್ಷಗಾನದ್ದು. ಹಳ್ಳಿಹಳ್ಳಿ ತಿರುಗಿ ಆಟಗಳನ್ನು ನೋಡಿ, ಮನೆಮನೆಗಳಲ್ಲಿದ್ದ ಪ್ರಸಂಗಗಳ ಓಲೆಗರಿಗಳನ್ನು ಹುಡುಕಿ, ಭಾಗವತರಿಂದ ಹಾಡುಗಾರಿಕೆಯನ್ನೂ ವೇಷಧಾರಿಗಳಿಂದ ಕುಣಿತ, ಬಣ್ಣಗಾರಿಕೆಗಳನ್ನೂ ತಿಳಿದು ಅವರು ಬರೆದ ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥ ೧೯೫೭ರಲ್ಲಿ ಪ್ರಕಟವಾಯಿತು. ೧೯೫೯ರಲ್ಲಿ ಆ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆಗ ಆ ಪ್ರಶಸ್ತಿಯ ಮೊತ್ತ ೫,೦೦೦ ರೂಪಾಯಿ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಹೊತ್ತಿಗಾಗಲೇ ಕಾರಂತರು ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’ ಮೊದಲಾದ ಕಾದಂಬರಿಗಳಿಂದ ನಾಡಿಗೆಲ್ಲ ಪರಿಚಿತರಾಗಿದ್ದರು. ಆದರೂ ಅಕಾಡೆಮಿಯು ಪುರಸ್ಕರಿಸಿದ್ದು ಕಾದಂಬರಿಯನ್ನಲ್ಲ, ಒಂದು ಶಾಸ್ತ್ರಗ್ರಂಥವನ್ನು. ಅದೂ ಗದ್ದೆಯ ಬಯಲಿನಲ್ಲಿ ರಾತ್ರಿ ಆಡುವ ರಾಕ್ಷಸ, ದೇವತೆಗಳ ಆಟವನ್ನು ಕುರಿತದ್ದನ್ನು. ಓದಿದವರು ಅನೇಕರು ಆ ಆಟವನ್ನು ಹಳ್ಳಿಗರ ಹೊತ್ತುಗಳೆಯುವ ಉಪಾಯವೆಂದು ಭಾವಿಸಿದ್ದ ಕಾಲವದು. ‘ಇದು ವಿಚಾರಕ್ಕೆ ಯೋಗ್ಯವಾದ ವಸ್ತು’ ಎಂದು ದೇಶದ ಸಂಸ್ಥೆಯೊಂದು ಹೇಳಿದಂತಾಯಿತು. ಕಾರಂತರಿಗೆ ಜ್ಞಾನಪೀಠ ಪ್ರಶಸ್ತಿ ತಂದ ‘ಮೂಕಜ್ಜಿಯ ಕನಸುಗಳು’ ಬಂದದ್ದು ೧೯೬೮ರಲ್ಲಿ, ಜ್ಞಾನಪೀಠ ದೊರೆತದ್ದು ೧೯೭೭ರಲ್ಲಿ. ಹಳೆಯ ವಸ್ತುವನ್ನು ಮುಟ್ಟಿದ ಮಾತ್ರಕ್ಕೆ ಅದರ ಹಿಂದಿನ ಕಾಲವನ್ನು ಕಾಣಬಲ್ಲ ಅಜ್ಜಿಯೊಬ್ಬಳ ಕಥೆಯದು. ಅದ್ಭುತವನ್ನು ಪರೀಕ್ಷಿಸಿದ ಕೈಯೇ ಅದ್ಭುತವನ್ನು ಕಟ್ಟಿತು ಎಂದರೆ ತಪ್ಪಾಗದು.

ವಿವರಿಸುವುದೆಂದರೇನು?

ಅದ್ಭುತವನ್ನು ವಿವರಿಸಿದರೆ ಅದರ ಸೊಗಸು ಕೆಡುವುದೆಂದು ಭಯಪಡುವವರಿದ್ದಾರೆ. ಎರಡು ಉದಾಹರಣೆಗಳನ್ನು ತೆಗೆದುಕೊಂಡು ನೋಡೋಣ.

ತೆಂಕುತಿಟ್ಟಿನ ಬಣ್ಣದ ವೇಷಧಾರಿಯು ಅಕ್ಕಿಹಿಟ್ಟು, ಸುಣ್ಣ ಬೆರೆಸಿದ ಲೇಪದಿಂದ ಮುಖದ ಮೇಲೆ ಚಿಟ್ಟಿಯನ್ನಿಡುತ್ತಾನೆ. ಬಿಳಿಯ ಮುಳ್ಳುಗಳಂತೆ ಎದ್ದು ನಿಲ್ಲುವ ಈ ಚಿಟ್ಟಿಗಳ ನಡುವೆ ಕೆಂಪು, ಕಪ್ಪು ಬಣ್ಣಗಳು ತುಂಬಿರುವುವು. ತಲೆಯ ಮೇಲೆ ದೊಡ್ಡ ಕಿರೀಟ. ಇದೆಲ್ಲ ಹಗಲಿನಲ್ಲಿ ಒರಟಾಗಿ ಕಂಡರೂ ಹಿಂದಿನ ಕಾಲದ ಎಣ್ಣೆದೀವಟಿಗೆಯ ಬೆಳಕಿನಲ್ಲಿ ಭಯಂಕರವಾಗಿ ಕಾಣುತ್ತಿತ್ತು. ಏಕೆ? ಎಣ್ಣೆಯ ಉರಿಯ ಬೆಳಕು ಸುಮಾರು ೧,೯೦೦ ಕೆಲ್ವಿನ್ ಉಷ್ಣತೆಯ ಕಾಯವು ಬೀರುವ ಬೆಳಕಿನಂತಿರುವುದು. ಸೂರ್ಯನ ಮೇಲ್ಮೈಯ ಉಷ್ಣತೆಯಾದರೋ ೫,೫೦೦ ಕೆಲ್ವಿನ್‌ಗೂ ಮಿಗಿಲು. ಉಷ್ಣತೆ ಕಡಿಮೆಯಾದಷ್ಟೂ ಬೆಳಕಿನಲ್ಲಿ ಕೆಂಪು, ಹಳದಿಗಳ ಪಾಲು ಹೆಚ್ಚಿ ನೀಲಿಯ ಪಾಲು ಇಳಿಯುವುದು. ಹೀಗಾಗಿ ದೀವಟಿಗೆಯ ಮುಂದೆ ಕೆಂಪು ಉಜ್ವಲವಾಗಿ, ಬಿಳಿ ಹೊನ್ನಿನ ಛಾಯೆಯಿಂದ ಹೊಳೆದು, ನೀಲಿ ಕಪ್ಪಿಗೆ ತಿರುಗುವುದು. ಚಿಟ್ಟಿಯು ಮುಖದಿಂದ ಎದ್ದು ನಿಂತಿರುವ ಕಾರಣ, ಉರಿಯು ಅಲುಗಿದಂತೆಲ್ಲ ಅದರ ನೆರಳೂ ಅಲುಗಿ ಮುಖವೇ ಚಲಿಸಿದಂತೆ ತೋರುವುದು. ಇಂದು ರಂಗಸ್ಥಳದ ಮೇಲೆ ಪ್ರಖರವಾದ ವಿದ್ಯುದ್ದೀಪಗಳಿವೆ. ಬೆಳಕು ಅಲುಗುವುದಿಲ್ಲ, ನೀಲಿಯ ಪಾಲೂ ಹೆಚ್ಚು. ಹಳೆಯ ಬಣ್ಣಗಾರಿಕೆಯು ಯಾವ ಬೆಳಕಿಗಾಗಿ ಹುಟ್ಟಿತ್ತೋ ಆ ಬೆಳಕೇ ಈಗ ಇಲ್ಲ.

ಎರಡನೆಯದು ಚೆಂಡೆಯ ದನಿ. ಕುಮಾರಧಾರೆಯ ಒಂದು ದಡದಲ್ಲಿ ಆಟವಾದರೆ ಇನ್ನೊಂದು ದಡದ ದೂರದ ಮನೆಗೂ ಚೆಂಡೆ ಕೇಳಿಸುವುದು. ಅದೇ ಚೆಂಡೆಯನ್ನು ಮಧ್ಯಾಹ್ನ ಬಾರಿಸಿದರೆ ಅಷ್ಟು ದೂರ ಕೇಳಿಸದು. ರಾತ್ರಿಯ ನಿಶ್ಶಬ್ದವೊಂದೇ ಇದಕ್ಕೆ ಕಾರಣವಲ್ಲ. ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೩೪೩ ಮೀಟರ್ ಸಾಗುವುದು. ಗಾಳಿ ಬಿಸಿಯಾದಂತೆ ವೇಗವು ಡಿಗ್ರಿಯೊಂದಕ್ಕೆ ಸುಮಾರು ೦.೬ ಮೀಟರಿನಂತೆ ಏರುವುದು. ಹಗಲಿನಲ್ಲಿ ನೆಲದ ಬಳಿಯ ಗಾಳಿ ಹೆಚ್ಚು ಬಿಸಿಯಾಗಿರುವುದರಿಂದ ಶಬ್ದದ ಅಲೆಗಳು ಮೇಲಕ್ಕೆ ಬಾಗಿ ಹೋಗುವುವು. ಚಳಿಗಾಲದ ನಿರಭ್ರ ರಾತ್ರಿಯಲ್ಲಿ ನೆಲವು ಬೇಗ ತಣಿದು, ಕೆಳಗೆ ತಂಪುಗಾಳಿಯೂ ಮೇಲೆ ಬೆಚ್ಚನೆಯ ಗಾಳಿಯೂ ನಿಲ್ಲುವುವು. ಆಗ ಅಲೆಗಳು ನೆಲದ ಕಡೆಗೆ ಬಾಗಿ ದೂರದ ಕಿವಿಗಳನ್ನು ಮುಟ್ಟುವುವು.

ಇವೆರಡನ್ನು ತಿಳಿದ ಮೇಲೆ ರಾಕ್ಷಸನ ಪ್ರವೇಶ ನಮಗೆ ರುಚಿಸದೆ ಹೋಗುವುದೇ? ಇಲ್ಲ. ಪುಸ್ತಕ ಓದದ ನಮ್ಮ ಹಿರಿಯರು ಬೆಳಕು, ಶಬ್ದಗಳನ್ನು ಎಷ್ಟು ಸೂಕ್ಷ್ಮವಾಗಿ ಬಳಸಿಕೊಂಡರೆಂದು ತಿಳಿದು ಬೆರಗು ಇಮ್ಮಡಿಯಾಗುವುದು. ಒಳ್ಳೆಯ ವಿಚಾರ ಗ್ರಂಥದ ಫಲ ಇದೇ.

ಹೊರದೇಶಗಳ ಪದ್ಧತಿ

ಈಗ ಹೊರಗಿನ ಲೋಕವನ್ನು ನೋಡೋಣ. ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬವರು ೧೯೨೬ರಲ್ಲಿ ಅಮೆರಿಕದಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ ವಿಜ್ಞಾನ ಕಥೆಗಳ ಮಾಸಿಕವನ್ನು ಆರಂಭಿಸಿದರು. ಅವರ ಹೆಸರಿನ ಹ್ಯೂಗೋ ಪುರಸ್ಕಾರಗಳನ್ನು ೧೯೫೩ರಲ್ಲಿ ಮೊದಲ ಬಾರಿ ಕೊಡಲಾಯಿತು. ರಾಕೆಟ್ಟಿನ ಆಕಾರದ ಈ ಪುರಸ್ಕಾರವನ್ನು ನಿರ್ಣಯಿಸುವವರು ಪಂಡಿತರ ಸಮಿತಿಯವರಲ್ಲ. ವಿಶ್ವ ವಿಜ್ಞಾನ ಕಥಾ ಸಮ್ಮೇಳನದ ಸದಸ್ಯರಾದ ಓದುಗರೇ ಮತ ಹಾಕುವರು.

ಮೊದಮೊದಲು ಗೌರವವು ಮುಖ್ಯವಾಗಿ ಕಥೆ, ಕಾದಂಬರಿಗಳಿಗೆ ಸಲ್ಲುತ್ತಿತ್ತು. ಕಥೆಗಳನ್ನು ಕುರಿತ ಗ್ರಂಥಗಳಿಗೆ ಸ್ಥಾನ ದೊರೆಯಲು ಕಾಲ ಹಿಡಿಯಿತು. ೧೯೭೦ರಲ್ಲಿ ವಿಜ್ಞಾನ ಕಥೆಗಳ ಸಂಶೋಧಕರ ಸಂಘವೊಂದು ‘ಪಿಲ್‌ಗ್ರಿಮ್’ ಎಂಬ ಪುರಸ್ಕಾರವನ್ನು ಸ್ಥಾಪಿಸಿ, ೧೯೪೭ರಲ್ಲಿಯೇ ಈ ಸಾಹಿತ್ಯದ ಕುರಿತು ಗ್ರಂಥ ಬರೆದಿದ್ದ ಜೆ. ಓ. ಬೈಲಿಯವರಿಗೆ ಮೊದಲು ಕೊಟ್ಟಿತು. ಪುರಸ್ಕಾರದ ಹೆಸರು ಕೂಡ ಅವರ ಗ್ರಂಥದ ಹೆಸರಿನಿಂದಲೇ ಬಂದದ್ದು. ೧೯೭೧ರಿಂದ ಮಿಥೋಪೀಯಿಕ್ ಸೊಸೈಟಿಯು ಅದ್ಭುತ ಸಾಹಿತ್ಯದ ಅಧ್ಯಯನಗಳನ್ನು ಗೌರವಿಸುತ್ತ ಬಂದಿದೆ. ಹ್ಯೂಗೋ ಪುರಸ್ಕಾರಗಳಲ್ಲಿ ಕಥೇತರ ಗ್ರಂಥಕ್ಕೆ ಪ್ರತ್ಯೇಕ ವಿಭಾಗ ತೆರೆದದ್ದು ೧೯೮೦ರಲ್ಲಿ. ಪೀಟರ್ ನಿಕೋಲ್ಸ್ ಸಂಪಾದಿಸಿದ ವಿಜ್ಞಾನ ಕಥೆಗಳ ವಿಶ್ವಕೋಶಕ್ಕೆ ಆ ವರ್ಷದ ಪುರಸ್ಕಾರ ಸಂದಿತು. ಮರುವರ್ಷ, ೧೯೮೧ರಲ್ಲಿ, ಅದೇ ಪುರಸ್ಕಾರವನ್ನು ಪಡೆದ ಪುಸ್ತಕ ಯಾವುದು ಬಲ್ಲಿರಾ? ಖಗೋಲ ವಿಜ್ಞಾನಿ ಕಾರ್ಲ್ ಸೇಗನ್ನರ ‘ಕಾಸ್ಮಾಸ್’. ಅದು ಕಥೆಯೂ ಅಲ್ಲ, ಕಥೆಯ ವಿಮರ್ಶೆಯೂ ಅಲ್ಲ. ನೇರವಾದ ವಿಜ್ಞಾನ ಗ್ರಂಥ. ಕಲ್ಪನೆಯ ಕಥೆಗಳನ್ನು ಮೆಚ್ಚುವ ಓದುಗರು, ಆ ಕಲ್ಪನೆಗೆ ಆಧಾರವಾದ ನಿಜವಾದ ವಿಶ್ವವನ್ನು ಬಣ್ಣಿಸಿದವರನ್ನೂ ತಮ್ಮವರೆಂದೇ ಎಣಿಸಿದರು. ೧೯೯೯ರಲ್ಲಿ ಈ ವಿಭಾಗದ ಹೆಸರು ‘ಸಂಬಂಧಿತ ಪುಸ್ತಕ’ ಎಂದೂ ೨೦೧೦ರಲ್ಲಿ ‘ಸಂಬಂಧಿತ ಕೃತಿ’ ಎಂದೂ ಬದಲಾಗಿ, ಪುಸ್ತಕವಲ್ಲದ ಬರಹಗಳಿಗೂ ಬಾಗಿಲು ತೆರೆಯಿತು.

ಕಾಲಗಣನೆಯನ್ನು ನೋಡಿರಿ: ಪಿಲ್‌ಗ್ರಿಮ್ ಪುರಸ್ಕಾರಕ್ಕೆ ಹನ್ನೊಂದು ವರ್ಷ ಮೊದಲು, ಹ್ಯೂಗೋದ ಈ ವಿಭಾಗಕ್ಕೆ ಇಪ್ಪತ್ತೊಂದು ವರ್ಷ ಮೊದಲು, ಪುತ್ತೂರಿನ ಲೇಖಕರೊಬ್ಬರ ಗ್ರಂಥಕ್ಕೆ ಮನ್ನಣೆ ಸಿಕ್ಕಿತ್ತು. ಇದನ್ನು ಜಂಬದಿಂದ ಹೇಳುತ್ತಿಲ್ಲ. ಅಕಾಡೆಮಿಯ ಪ್ರಶಸ್ತಿಯು ಈ ಒಂದು ಬಗೆಯ ಗ್ರಂಥಕ್ಕೆಂದೇ ಮೀಸಲಾದುದಲ್ಲ. ಆದರೆ ಅದ್ಭುತದ ಶಾಸ್ತ್ರವನ್ನು ಗೌರವಿಸುವುದು ಪರದೇಶದಿಂದ ತಂದ ಪದ್ಧತಿಯೆಂದು ಯಾರೂ ತಿಳಿಯಬೇಕಾಗಿಲ್ಲ.

ಪುರಸ್ಕಾರವು ಕೊನೆಯ ತೀರ್ಪಲ್ಲ

ಪ್ರಶಸ್ತಿ ಬಂದೊಡನೆ ಗ್ರಂಥದ ಮಾತೆಲ್ಲ ಸತ್ಯವೆಂದು ಸಿದ್ಧವಾಯಿತೇ? ಹಾಗೇನೂ ಇಲ್ಲ. ರಾಮಾಯಣದ ಪ್ರಸಂಗಗಳನ್ನು ಬರೆದವನು ಕುಂಬಳೆಯ ಪಾರ್ತಿಸುಬ್ಬನೆಂಬುದು ಕರಾವಳಿಯಲ್ಲಿ ಬಹುಕಾಲದ ನಂಬಿಕೆ. ಮುಳಿಯ ತಿಮ್ಮಪ್ಪಯ್ಯನವರು ಅವನ ಕುರಿತು ಗ್ರಂಥವನ್ನೇ ಬರೆದಿದ್ದರು. ಕಾರಂತರು ಆ ನಂಬಿಕೆಯನ್ನು ಪ್ರಶ್ನಿಸಿದರು. ಕುಕ್ಕಿಲ ಕೃಷ್ಣ ಭಟ್ಟರು ಕಾರಂತರ ವಾದವನ್ನು ಒಪ್ಪದೆ, ಪಾರ್ತಿಸುಬ್ಬನ ಯಕ್ಷಗಾನಗಳನ್ನು ಸಂಪಾದಿಸಿ ತಮ್ಮ ಆಧಾರಗಳನ್ನು ಮುಂದಿಟ್ಟರು. ಪ್ರಶಸ್ತಿ ಪಡೆದ ಪುಸ್ತಕವೆಂದು ಯಾರೂ ಹಿಂಜರಿಯಲಿಲ್ಲ.

ವಿಜ್ಞಾನದ ಕ್ರಮವೂ ಇದೇ. ಒಬ್ಬನು ಆಧಾರಗಳೊಡನೆ ಒಂದು ಮಾತು ಹೇಳುವನು. ಇನ್ನೊಬ್ಬನು ಹೆಚ್ಚಿನ ಆಧಾರಗಳಿಂದ ಅದನ್ನು ತಿದ್ದುವನು. ಪುರಸ್ಕಾರವು ಗೌರವಿಸುವುದು ಸಿದ್ಧಾಂತವನ್ನಲ್ಲ, ಶೋಧಿಸಿದ ಶ್ರಮವನ್ನು. ಪುಸ್ತಕವು ಮರೆತುಹೋಗದಂತೆ, ಜನರು ಅದನ್ನು ಓದಿ ವಾದಕ್ಕೆ ನಿಲ್ಲುವಂತೆ ಮಾಡುವುದೇ ಅದರ ದೊಡ್ಡ ಉಪಕಾರ.

ಈ ವಾದಪ್ರಿಯತೆ ನಮ್ಮ ನೆಲಕ್ಕೆ ಹೊಸದಲ್ಲ. ವೇಷ, ಕುಣಿತಗಳಿಲ್ಲದೆ ಕುಳಿತೇ ಅರ್ಥ ಹೇಳುವ ತಾಳಮದ್ದಳೆಯಲ್ಲಿ ಪುರಾಣದ ಪಾತ್ರಗಳು ತರ್ಕದ ಒರೆಗಲ್ಲಿಗೆ ಬರುವುವು. ಸುಳ್ಯದ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು ಈ ಕಲೆಯ ಹೆಸರಾಂತ ಅರ್ಥಧಾರಿಗಳು. ‘ಕುರುಕ್ಷೇತ್ರಕ್ಕೊಂದು ಆಯೋಗ’ ಎಂಬ ಕೃತಿಯ ಕರ್ತೃಗಳೂ ಹೌದು. ಪುರಾಣದ ಯುದ್ಧವನ್ನೂ ವಿಚಾರಣೆಗೆ ಒಳಪಡಿಸಬಹುದೆಂಬ ಧೈರ್ಯವನ್ನು ಆ ಹೆಸರೇ ಸಾರುತ್ತದೆ.

ನಾಶವಾಗುವುದನ್ನು ಉಳಿಸುವ ಕೆಲಸ

ಇಂಥ ಬರಹಕ್ಕೆ ಪುರಸ್ಕಾರವೇಕೆ ಬೇಕೆಂಬ ಪ್ರಶ್ನೆಗೆ ಕೊನೆಯ ಉತ್ತರ ಇನ್ನೊಂದಿದೆ: ಕಾಲವು ಕಾಯುವುದಿಲ್ಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವುದು. ಆ ತೇವದಲ್ಲಿ ಅಟ್ಟದ ಮೇಲಿನ ಓಲೆಗರಿಗೆ ಬೂಷ್ಟು ಹಿಡಿಯುವುದು. ಗೆದ್ದಲು, ಹುಳಗಳು ತೂತು ಕೊರೆಯುವುವು. ಅಮೆರಿಕದ ಹಳೆಯ ವಿಜ್ಞಾನ ಕಥಾಪತ್ರಿಕೆಗಳ ಗತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಅಗ್ಗದ ಮರದ ತಿರುಳಿನ ಕಾಗದದಲ್ಲಿ ಲಿಗ್ನಿನ್ ಎಂಬ ವಸ್ತು ಉಳಿದಿರುವುದು. ಕಾಗದದಲ್ಲಿಯೇ ಹುಟ್ಟುವ ಆಮ್ಲವು ಸೆಲ್ಯುಲೋಸಿನ ಎಳೆಗಳನ್ನು ಕಡಿಯುತ್ತ ಹೋಗಿ, ಪುಟವು ಹಳದಿಯಾಗಿ ಮುಟ್ಟಿದರೆ ಪುಡಿಯಾಗುವುದು. ಇಲ್ಲಿ ಗೆದ್ದಲು, ಅಲ್ಲಿ ಆಮ್ಲ. ಅವೆರಡರ ಬಾಯಿಂದ ತಪ್ಪಿಸಿದವರು ಗ್ರಂಥ ಬರೆದವರು, ವಿಶ್ವಕೋಶ ಕಟ್ಟಿದವರು. ಕಲಾವಿದರ ನೆನಪಿನಲ್ಲಿರುವುದಂತೂ ಅವರ ಜೊತೆಗೇ ಹೊರಟುಹೋಗುವುದು.

ಯಕ್ಷಗಾನದ ಮಟ್ಟಿಗೆ ಇಂದು ಕರ್ನಾಟಕ ಯಕ್ಷಗಾನ ಅಕಾಡೆಮಿಯು ಕಲಾವಿದರಿಗೆ ಪಾರ್ತಿಸುಬ್ಬನ ಹೆಸರಿನ ಪ್ರಶಸ್ತಿಯನ್ನಷ್ಟೇ ಅಲ್ಲ, ಯಕ್ಷಗಾನ ಗ್ರಂಥಗಳಿಗೆ ಪುಸ್ತಕ ಬಹುಮಾನವನ್ನೂ ಕೊಡುತ್ತಿದೆ. ಕನ್ನಡದ ವಿಜ್ಞಾನ ಕಥೆಗಳಿಗೂ ಇಂಥ ದಿನ ಬರಬೇಕು. ರಾಜಶೇಖರ ಭೂಸನೂರಮಠ ಮೊದಲಾದವರು ದಶಕಗಳ ಕಾಲ ದುಡಿದು ಈ ಸಾಹಿತ್ಯವನ್ನು ಬೆಳೆಸಿದ್ದಾರೆ. ವಾರಪತ್ರಿಕೆ, ಮಾಸಪತ್ರಿಕೆಗಳಲ್ಲಿ ಬಂದ ಕಥೆಗಳ ಯಾದಿ ಮಾಡಿ, ಅವುಗಳಲ್ಲಿಯ ವಿಜ್ಞಾನ ಎಷ್ಟು ಸರಿ, ಕಲ್ಪನೆ ಎಷ್ಟು ಹೊಸದು ಎಂದು ತೂಗಿ ಬರೆಯುವ ಗ್ರಂಥವು ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನಕ್ಕೆ ಬಂದರೆ, ಅದನ್ನು ವಿಮರ್ಶೆಯ ವಿಭಾಗದಲ್ಲಿ ಎಣಿಸಬೇಕೋ ವಿಜ್ಞಾನ ಸಾಹಿತ್ಯದ ವಿಭಾಗದಲ್ಲಿ ಎಣಿಸಬೇಕೋ ಎಂಬ ತೊಡಕು ಏಳಬಹುದು. ಅದು ಎರಡಕ್ಕೂ ಸೇರಿದ್ದು ಎಂಬುದೇ ನಮ್ಮ ಉತ್ತರ. ‘ವಿಜ್ಞಾನ ಪ್ರಪಂಚ’ವನ್ನೂ ‘ಯಕ್ಷಗಾನ ಬಯಲಾಟ’ವನ್ನೂ ಬರೆದದ್ದು ಒಂದೇ ಲೇಖನಿಯಲ್ಲವೇ?

ನಮ್ಮ ಓದುಗರಲ್ಲಿ ಶಿಕ್ಷಕರೂ ವಿದ್ಯಾರ್ಥಿಗಳೂ ಅನೇಕರಿದ್ದಾರೆ. ಪುತ್ತೂರಿಗೆ ಹೋದಾಗ ಬಾಲವನವನ್ನು ನೋಡಿರಿ. ನಿಮ್ಮ ಊರಿನ ಹಿರಿಯ ಭಾಗವತರೋ ವೇಷಧಾರಿಗಳೋ ಇದ್ದರೆ ಅವರ ಬಳಿ ಕುಳಿತು ಕೇಳಿರಿ. ಕೇಳಿದ್ದನ್ನು ದಿನಾಂಕ, ಸ್ಥಳಗಳೊಡನೆ ಬರೆದಿಡಿರಿ. ಮನೆಯ ಅಟ್ಟದಲ್ಲಿ ಹಳೆಯ ಕಥಾಪತ್ರಿಕೆಗಳಿದ್ದರೆ ರದ್ದಿಗೆ ಹಾಕುವ ಮೊದಲು ಅವುಗಳಲ್ಲಿಯ ಕಥೆಗಳ ಹೆಸರನ್ನಾದರೂ ಗುರುತು ಮಾಡಿಕೊಳ್ಳಿರಿ. ಪುರಸ್ಕಾರವು ಬರಬಹುದು, ಬಾರದಿರಬಹುದು. ಆದರೆ ಮುಂದಿನ ಸಲ ಮಗುವೊಂದು ಆಟದ ಬಯಲಿನಲ್ಲಿ “ಅದು ಹೇಗಜ್ಜ?” ಎಂದು ಕೇಳಿದಾಗ, “ಸುಮ್ಮನೆ ನೋಡು” ಎನ್ನದೆ “ಬಾ, ಹೇಳುತ್ತೇನೆ” ಎನ್ನಬಲ್ಲ ಅಜ್ಜಂದಿರ ಸಂಖ್ಯೆ ಹೆಚ್ಚುವುದು.